ಸಂಸೆಯ ಮನೆಯಲ್ಲಿ ದೀಪಾವಳಿ

ಬೆಟ್ಟದ ಊರು ಎಂದೊಡನೆ ನಮ್ಮಲ್ಲಿ ಅನೇಕರಿಗೆ ಹಿಮಾಲಯದ ಕಡೆಯ ಮಸ್ಸೂರಿ, ಶಿಮ್ಲಾ, ಡಾರ್ಜಿಲಿಂಗುಗಳ ನೆನಪು ಬರುವುದು ಸಹಜ. ಅವು ಬಯಲುನಾಡಿನ ಬೇಸಗೆಗೆ ಹೆದರಿದ ಆಂಗ್ಲರು ತಂಪಿಗೆಂದು ಬೆಳೆಸಿದ ಊರುಗಳು. ಅಲ್ಲಿ ಅಡ್ಡಾಡುವುದಕ್ಕೆ ಬೀದಿಯುಂಟು, ಕೊಳ್ಳುವುದಕ್ಕೆ ಅಂಗಡಿಯುಂಟು. ಕಳಸದ ಸೀಮೆಯ ಸಂಸೆಯನ್ನು ಮಾತ್ರ ಯಾರೂ ತಂಪಿಗೆಂದು ಕಟ್ಟಲಿಲ್ಲ. ಕಳಸದಿಂದ ಕುದುರೆಮುಖಕ್ಕೆ ಹೋಗುವ ರಸ್ತೆಯ ಬದಿಗೆ ಕೆಲವು ಅಂಗಡಿಗಳು, ಬಸ್ಸು ನಿಲ್ಲುವ ಒಂದು ಜಾಗ. ಮಿಕ್ಕುದೆಲ್ಲ ತೋಟಗಳ ನಡುವೆ ಕೂಗಳತೆಯ ದೂರದಲ್ಲಿ ಅಡಗಿಕೊಂಡಿರುವ ಮನೆಗಳು. ಆದರೂ ಈಚಿನ ವರ್ಷಗಳಲ್ಲಿ ಜನರು ಗುಂಪುಗುಂಪಾಗಿ ಅಲ್ಲಿಗೆ ಬರುತ್ತಿದ್ದಾರೆ. ಬಂದವರು ಬೆಟ್ಟ ಹತ್ತಿ, ಚಿತ್ರ ತೆಗೆದು, ಉಂಡು ಮಲಗಿ, ಮರುದಿನ ಹೊರಟುಬಿಡುತ್ತಾರೆ. 2023ರ ನವೆಂಬರ್ 10ರ ಶುಕ್ರವಾರ ಸಂಜೆ ನಾವು ದಂಪತಿಗಳಿಬ್ಬರೂ ಅಲ್ಲಿಗೆ ತಲುಪಿದುದು ಇಂಥವರ ಸಾಲಿನಲ್ಲಿಯೇ ಎಂಬುದನ್ನು ಮುಚ್ಚಿಡಬೇಕಾದುದಿಲ್ಲ.

ನಾವು ಇಳಿದುಕೊಂಡ ಮನೆ ನಮ್ಮ ಗೆಳೆಯರೊಬ್ಬರ ತಂದೆತಾಯಿಗಳದು. ಗೆಳೆಯರು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಹಿರಿಯರಿಬ್ಬರೇ ಇರುವ ಆ ದೊಡ್ಡ ಮನೆಯ ನಾಲ್ಕು ಕೋಣೆಗಳನ್ನು ಕೆಲವು ವರ್ಷಗಳಿಂದ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾರೆ. "ಶನಿವಾರ ಸಂಜೆಯಿಂದ ಹಬ್ಬ. ಆಮೇಲೆ ಬಾಡಿಗೆಯವರನ್ನು ಇಟ್ಟುಕೊಳ್ಳುವುದಿಲ್ಲ. ನೀವು ಉಳಿಯುವುದಾದರೆ ಅದು ಬೇರೆ ಮಾತು" ಎಂದು ಗೆಳೆಯರು ಮೊದಲೇ ತಿಳಿಸಿದ್ದರು. ಆ ಬೇರೆ ಮಾತಿನ ಅರ್ಥ ಆಗ ನಮಗೆ ಹೊಳೆಯಲಿಲ್ಲ.

ಜಗಲಿ ಹತ್ತುತ್ತಿರುವಾಗಲೇ ಕಣ್ಣಿಗೆ ಬಿದ್ದುದು ಕಂಬಕ್ಕೆ ತೂಗಿಸಿದ ಒಂದು ಹಲಗೆ: ಕೋಣೆಗೆ ಇಷ್ಟು, ತಿಂಡಿಗೆ ಇಷ್ಟು, ಊಟಕ್ಕೆ ಇಷ್ಟು. ನಮಗೆ ಮನಸ್ಸು ಚುರುಕ್ಕೆಂದಿತು. ದಾರಿಹೋಕನನ್ನು ಜಗಲಿಯಲ್ಲಿ ಕೂರಿಸಿ "ಆಸರಿಗೇನು ಬೇಕು?" ಎಂದು ಕೇಳಿದ ಮೇಲೆಯೇ ಹೆಸರು ಕೇಳುವ ಮಲೆನಾಡಿನಲ್ಲಿ ಅನ್ನಕ್ಕೆ ಬೆಲೆ ಬರೆದರಲ್ಲಾ ಎಂದು, ಆ ಮನೆಯ ಅಮ್ಮನವರು ತಂದುಕೊಟ್ಟ ಬೆಲ್ಲದ ಕಾಫಿಯನ್ನು ಕುಡಿಯುತ್ತಲೇ ಒಳಗೊಳಗೆ ಕೊರಗಿದೆವು. ಪಟ್ಟಣದಲ್ಲಿ ಇಡ್ಲಿಗೆ ಹಣ ಕೊಡುವಾಗ ನಮಗೆಂದೂ ಇಂತಹ ಕೊರಗು ಹುಟ್ಟಿದುದಿಲ್ಲ!

ಶನಿವಾರ ಬೆಳಗ್ಗೆ ಬೆಟ್ಟದ ಕಡೆಗೆ ಹೊರಟೆವು. ಕುದುರೆಮುಖಕ್ಕೆ ಹಿಂದೆ ಸಂಸೆಪರ್ವತವೆಂಬ ಹೆಸರೂ ಇದ್ದಿತು. ಹತ್ತುವವರು ಸಂಸೆಯ ದಾರಿಯಾಗಿ ಹೋಗುತ್ತಿದ್ದುದೇ ಅದಕ್ಕೆ ಕಾರಣ. ಕುದುರೆಯ ಮೋರೆಯಂತೆ ಕಾಣುವ ಆಕಾರದಿಂದ ಈಗಿನ ಹೆಸರು ನಿಂತಿದೆ. ಎತ್ತರ 1892 ಮೀಟರು. ಮುಳ್ಳೋಡಿಯವರೆಗೆ ಜೀಪಿನಲ್ಲಿ ಹೋದೆವು. ಆ ರಸ್ತೆಯಲ್ಲಿ ನಮ್ಮ ಮೂಳೆಗಳು ಅನುಭವಿಸಿದುದನ್ನು ವರ್ಣಿಸಹೊರಟರೆ ಮುಂದಿನದಕ್ಕೆ ಜಾಗವುಳಿಯದು. ಅಲ್ಲಿಂದ ಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದವರು ಮಾತ್ರ ನಡೆಯಬಹುದು. ಬೋಳು ಗುಡ್ಡಗಳ ಮೈತುಂಬ ಹುಲ್ಲು, ಎರಡು ಗುಡ್ಡಗಳು ಕೂಡುವ ಸಂದಿನಲ್ಲಿ ಮಾತ್ರ ಕರ್ರಗಿನ ಶೋಲಾ ಕಾಡು, ಅದರೊಳಗಿಂದ ನೀರಿನ ಸದ್ದು. ಅರ್ಧ ದಾರಿಯಲ್ಲಿ ನಮ್ಮ ಮೊಣಕಾಲು ಸಲಹೆ ಕೊಟ್ಟಿತು; ಅದನ್ನು ಮನ್ನಿಸಿ ಹಿಂದಿರುಗಿದೆವು. ಕೆಳಗೆ ಸಂಸೆಯ ಚಹದ ತೋಟ ಕತ್ತರಿಸಿ ಸಮಮಾಡಿದ ಹಸಿರು ಚಾಪೆಯಂತೆ ಕಂಡಿತು. ಸುತ್ತ ಕಾಫಿ ಆಳುವ ಸೀಮೆಯಲ್ಲಿ ಅದೊಂದು ನೆಂಟನಂತೆ.

ಮಧ್ಯಾಹ್ನದ ಊಟಕ್ಕೆ ಬಾಳೆದಿಂಡಿನ ಪಲ್ಯ, ಒಂದೆಲಗದ ತಂಬುಳಿ, ಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿಗೆ ಜೀರಿಗೆಮೆಣಸಿನ ಖಾರ. ಕಣ್ಣಲ್ಲಿ ನೀರು ಬಂದರೂ ಕೈ ಮತ್ತೆ ಅದರ ಕಡೆಗೇ ಹೋಗುತ್ತಿತ್ತು. ಊಟವಾದ ಮೇಲೆ ಯಜಮಾನರು ನಮ್ಮನ್ನು ಕೊಟ್ಟಿಗೆಯ ಕಡೆಗೆ ಕರೆದುಕೊಂಡು ಹೋದರು. ಹನ್ನೆರಡು ಹಸುಗಳನ್ನು ಕಟ್ಟುವಷ್ಟು ಉದ್ದದ ಕೊಟ್ಟಿಗೆ. ಒಳಗಿದ್ದುದು ಒಂದು ಹಸು, ಒಂದು ಕರು. ನಾವು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿದ್ದಾಗ ಈ ಮನೆಯ ಹಾಲು ಅಲ್ಲಿಯ ವಸತಿಗೆ ಹೋಗುತ್ತಿತ್ತಂತೆ. ಗಣಿಯ ಕಂಪನಿ ಸ್ಥಾಪನೆಯಾದುದು 1976ರಲ್ಲಿ. 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯ ದಿನ ಗಣಿ ನಿಂತಿತು. "ಭದ್ರೆಗೆ ಒಳ್ಳೆಯದೇ ಆಯಿತು. ಮಳೆಗಾಲದಲ್ಲಿ ಹೊಳೆ ಕೆಂಪಗೆ ಹರಿಯುತ್ತಿದ್ದುದನ್ನು ನಾವೇ ನೋಡಿದ್ದೇವೆ. ಆದರೆ ಹಾಲು ಕುಡಿಯುವವರು ಹೊರಟುಹೋದರು" ಎಂದರು. ಹಸುಗಳು ಒಂದೊಂದಾಗಿ ಹೋದುವು. ಅಡಿಕೆಗೆ ಹಳದಿ ಎಲೆ ರೋಗ ಮೊದಲೇ ಇತ್ತು, ಈಚೆಗೆ ಎಲೆಚುಕ್ಕಿ ರೋಗವೂ ಸೇರಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮರ ಹತ್ತುವವರ ಕೂಲಿಯನ್ನೂ, ಸಿಕ್ಕದ ಆಳುಗಳನ್ನೂ ಲೆಕ್ಕ ಹಾಕಿ ನೋಡಿ, ಕಡೆಗೆ ಆ ಹಲಗೆಯನ್ನು ಬರೆಯಿಸಿದರಂತೆ. ನಾವು ಸುಮ್ಮನೆ ಕರುವಿನ ಗಂಗೆದೊಗಲನ್ನು ಸವರುತ್ತ ನಿಂತೆವು.

ಸಂಜೆ ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ಉಜ್ಜಿ ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ, ಬಾವಿಯ ನೀರನ್ನು ಸೇದಿ ತುಂಬಿದರು. ಅಮ್ಮನವರು ನಮ್ಮ ಮನೆಯವರ ಕೈಗೂ ಒಂದು ಕೊಡವನ್ನು ಕೊಟ್ಟು, "ನೀವೂ ಎರಡು ಕೊಡ ಹಾಕಿ" ಎಂದರು. ಅಷ್ಟು ಹೊತ್ತಿಗೆ ಗೆಳೆಯರೂ ಬೆಂಗಳೂರಿನಿಂದ ಬಂದಿಳಿದಿದ್ದರು. ಅವರು ಬಂದವರೇ ಮಾಡಿದ ಮೊದಲ ಕೆಲಸ ಕಂಬದ ಹಲಗೆಯನ್ನು ತೆಗೆದು ಒಳಗಿಟ್ಟುದು. ಇದನ್ನು ಕಂಡೆವು, ಕಂಡರೂ ತಿಳಿಯಲಿಲ್ಲ.

ಆ ಹೊತ್ತಿನಿಂದ ಮನೆಯ ನಡೆಯೇ ಬದಲಾಯಿತು. ಹಿಂದಿನ ದಿನ ನಮ್ಮನ್ನು ಊಟದ ಮನೆಯಲ್ಲಿ ಮೇಜಿನ ಮುಂದೆ ಕೂರಿಸಿ ಬಡಿಸಿದವರು ಈಗ ಅಡಿಗೆಮನೆಯೊಳಕ್ಕೇ ಕರೆದು ಮಣೆ ಹಾಕಿದರು. ನಸುಕಿನಲ್ಲಿ ಎದ್ದು ಎಣ್ಣೆಸ್ನಾನ. ನಮ್ಮ ಮನೆಯವರಿಗೆ ತೆಂಗಿನಕಾಯಿ ತುರಿಯುವ ಕೆಲಸ. ನಮಗೆ ಅಂಗಳದಲ್ಲಿ ಅಡಿಕೆ ಸುಲಿಯುವವರ ಪಕ್ಕದಲ್ಲಿ ಕುಳಿತು ಮಾತನಾಡುವ ಕೆಲಸ. ಮೆಟ್ಟುಗತ್ತಿಯ ಮುಂದೆ ಒಂದು ಸಲ ಕೈ ನೋಡೋಣವೆಂದು ಕುಳಿತೆವು. ಅವರು ಹತ್ತು ಸುಲಿಯುವ ಹೊತ್ತಿಗೆ ನಮ್ಮದು ಒಂದು; ಅದೂ ಗಾಯಗೊಂಡ ಅಡಿಕೆ. ಎಲ್ಲರೂ ನಕ್ಕರು, ನಾವೂ ನಕ್ಕೆವು.

ಗೃಹಿಣಿಯರಿಗಾಗಿ ಆ ಮನೆಯ ಕಡುಬಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ಹಬ್ಬಕ್ಕೆಂದು ಬಳ್ಳಿಯಲ್ಲೇ ಬಲಿಯಬಿಟ್ಟ ಮುಳ್ಳುಸೌತೆಯನ್ನು ತಿರುಳು ತೆಗೆದು ತುರಿಯುತ್ತಾರೆ. ತುರಿಯಿಂದ ಒಸರುವ ನೀರನ್ನು ಚೆಲ್ಲಬಾರದು. ತೊಳೆದು ಆರಿಸಿ ತರಿಯಾಗಿ ಒಡೆದ ಅಕ್ಕಿಯನ್ನು ಆ ನೀರಿನಲ್ಲಿಯೇ ನೆನೆಯಬಿಡಬೇಕು. ಬೇರೆ ನೀರು ಹಾಕಿದರೆ ಕಡುಬು ಸಪ್ಪೆ ಎಂದು ಅಮ್ಮನವರ ಖಚಿತ ಅಭಿಪ್ರಾಯ. ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು ಕೂಡಿಸಿ, ಅರಿಶಿನದ ಎಲೆಯಲ್ಲಿ ಮಡಿಚಿ, ಹಬೆಯಲ್ಲಿ ಬೇಯಿಸುವುದು. ಬೇಯುತ್ತಿರುವಾಗ ಆ ಎಲೆಯ ಪರಿಮಳ ಅಂಗಳದವರೆಗೂ ಬರುತ್ತದೆ. ಬಿಸಿಯಾಗಿರುವಾಗಲೇ ತುಪ್ಪದೊಡನೆ ತಿನ್ನಬೇಕು. ನಾವು ಎಷ್ಟು ತಿಂದೆವೆಂಬುದನ್ನು ನಮ್ಮ ಮನೆಯವರು ಎಣಿಸಿದ್ದಾರೆ, ನಾವು ಎಣಿಸಲಿಲ್ಲ.

ಸೋಮವಾರ ಗೆಳೆಯರೊಡನೆ ಹೊರನಾಡಿಗೆ ಹೋಗಿ ಬಂದೆವು. ಕಳಸದಿಂದ ಎಂಟು ಕಿಲೋಮೀಟರು. ಮಳೆಗಾಲದಲ್ಲಿ ಮುಳುಗುವುದಕ್ಕೇ ಹೆಸರಾದ ಹೆಬ್ಬಾಳೆಯ ಸೇತುವೆಯನ್ನು ದಾಟಬೇಕು. ಆ ವರ್ಷ ರಾಜ್ಯಕ್ಕೆಲ್ಲ ಬರ. ಭದ್ರೆ ಸೇತುವೆಯ ಕೆಳಗೆ ತೀರ ಸಾಧುವಾಗಿ ಹರಿಯುತ್ತಿದ್ದಳು. ಈಗಿರುವ ಅನ್ನಪೂರ್ಣೇಶ್ವರಿಯ ಮೂರ್ತಿ ಪ್ರತಿಷ್ಠೆಯಾದುದು 1973ರಲ್ಲಿ. ಬಂದವರಿಗೆಲ್ಲ ಅಲ್ಲಿ ಊಟ. ಯಾರೆಂದು ಕೇಳುವುದಿಲ್ಲ, ಕೊಡು ಎನ್ನುವುದಿಲ್ಲ. ಪಂಕ್ತಿಯಲ್ಲಿ ಕುಳಿತು ಅನ್ನ ಸಾರು ಪಾಯಸಗಳನ್ನು ಉಂಡೆದ್ದ ಮೇಲೆ ನಾವು ಜಾಣರಂತೆ, "ಅನ್ನವೆಂದರೆ ಹೀಗಿರಬೇಕು" ಎಂದುಬಿಟ್ಟೆವು. ಗೆಳೆಯರು ತಟ್ಟನೆ ಮಾರುತ್ತರ ಕೊಡಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, "ಇಲ್ಲಿಗೆ ನಾಡೆಲ್ಲ ಅಕ್ಕಿ ತಂದು ಒಪ್ಪಿಸುತ್ತದೆ. ನಮ್ಮ ಅಮ್ಮನಿಗೆ ಯಾರು ತರುತ್ತಾರೆ?" ಎಂದರು. ಸಂಸೆಗೆ ಹಿಂದಿರುಗುವವರೆಗೂ ನಮಗೆ ಬೇರೆ ಮಾತು ಹೊರಡಲಿಲ್ಲ.

ಆ ರಾತ್ರಿ ಜಗಲಿಯಲ್ಲಿ ತಾಯಿಮಕ್ಕಳ ಮಾತು ನಮ್ಮ ಕಿವಿಗೂ ಬಿದ್ದಿತು. ಹಬ್ಬದ ರಜೆಯಲ್ಲಿಯೇ ಪ್ರವಾಸಿಗಳು ಹೆಚ್ಚು; ಈ ಮೂರು ದಿನ ನಾಲ್ಕು ಕೋಣೆಗಳನ್ನೂ ಕೊಟ್ಟರೆ ಒಂದು ಸಲ ಮದ್ದು ಹೊಡೆಸುವ ಖರ್ಚು ಹುಟ್ಟುತ್ತದೆ; ಹಸುವನ್ನು ಯಾರಿಗಾದರೂ ಕೊಟ್ಟರೆ ಅಮ್ಮನಿಗೂ ಬೆನ್ನಿಗೆ ಬಿಡುವು. ಹೀಗೆಂದು ಮಗ. ತಾಯಿ ಕೇಳಿದುದು ಒಂದೇ: "ನಾಳೆ ಗೋಪೂಜೆ ಯಾವುದಕ್ಕೆ ಮಾಡುವುದು, ಜೀಪಿಗೋ?" ಯಜಮಾನರು ಎಲೆ ಅಡಿಕೆಯ ತಟ್ಟೆಯನ್ನು ಮುಂದಕ್ಕೆ ಸರಿಸಿಕೊಂಡರು. ಮಾತು ಅಲ್ಲಿಗೆ ನಿಂತಿತು, ತೀರಲಿಲ್ಲ.

ಮಂಗಳವಾರ ಬಲಿಪಾಡ್ಯ. ಹಸುವಿಗೂ ಕರುವಿಗೂ ಮೈತೊಳೆದು, ಲೋಟದ ಬಾಯಿಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಮೈಮೇಲೆಲ್ಲ ಉಂಗುರ ಒತ್ತಿದರು. ಚೆಂಡುಹೂವಿನ ಮಾಲೆ, ಹಣ್ಣಡಿಕೆಯ ಸರ. ಹನ್ನೆರಡಕ್ಕೆಂದು ಹಾಕಿದ್ದ ಗೂಟಗಳಲ್ಲಿ ಖಾಲಿಯಿದ್ದ ಹತ್ತಕ್ಕೂ ಅಮ್ಮನವರು ಒಂದೊಂದು ಹೂವನ್ನಿಟ್ಟರು. ಕತ್ತಲಾದ ಮೇಲೆ ಬಲೀಂದ್ರನ ಪೂಜೆ. ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಲು ಬರುವ ಅರಸನಿಗೆ ಬೆಳಕು ತೋರಿಸಬೇಕಲ್ಲ. ಬಟ್ಟೆ ಸುತ್ತಿ ಎಣ್ಣೆಯಲ್ಲಿ ನೆನೆಸಿದ ಕೋಲುಗಳನ್ನು ಹೊತ್ತಿಸಿ ಗದ್ದೆಯ ಬದುವಿಗೆ, ಬಾವಿಗೆ, ತೋಟದ ಬಾಯಿಗೆ, ಗೊಬ್ಬರದ ಗುಂಡಿಗೆ ಸಹ ಒಂದೊಂದನ್ನು ನೆಟ್ಟು ಕೂಗು ಹಾಕಿದರು. ಆಚೆಯ ದಿಬ್ಬದ ಮನೆಯಿಂದ ಕೂಗು ಮರಳಿ ಬಂದಿತು, ಅದರಾಚೆಯಿಂದ ಇನ್ನೊಂದು. ಹಗಲಿನಲ್ಲಿ ಕಾಣದ ಮನೆಗಳೆಲ್ಲ ಆ ರಾತ್ರಿ ಎಲ್ಲೆಲ್ಲಿವೆಯೆಂದು ಗೊತ್ತಾದುವು.

ಬುಧವಾರ ಹೊರಡುವಾಗ ನಾವು ತಪ್ಪು ಮಾಡಿದೆವು. ಐದು ದಿನಗಳ ಲೆಕ್ಕವನ್ನು ಹಲಗೆಯ ದರದಂತೆ ಕೂಡಿಸಿ, ಮೇಲೆ ಸ್ವಲ್ಪ ಸೇರಿಸಿ, ಲಕೋಟೆಯಲ್ಲಿಟ್ಟು ಅಮ್ಮನವರ ಕೈಗೆ ಕೊಟ್ಟೆವು. ಅವರು ಬೇಡವೆನ್ನುವರೆಂದೂ ನಾವು ಒತ್ತಾಯ ಮಾಡಬೇಕಾಗುವುದೆಂದೂ ಎಣಿಸಿದ್ದೆವು. ಅವರು ಬೇಡವೆನ್ನಲಿಲ್ಲ. ಕನ್ನಡಕ ಹಾಕಿಕೊಂಡು ನೋಟುಗಳನ್ನು ಎಣಿಸಿದರು. "ಶುಕ್ರವಾರ ರಾತ್ರಿಯದು, ಶನಿವಾರ ಬೆಳಗ್ಗಿನದು, ಮಧ್ಯಾಹ್ನದ್ದು, ಕೋಣೆಯದು" ಎಂದು ಎಣಿಸಿಕೊಂಡು ಅಷ್ಟನ್ನು ತೆಗೆದಿಟ್ಟು, ಒಳಗಿನಿಂದ ಚಿಲ್ಲರೆ ತಂದು ಸೇರಿಸಿ, ಉಳಿದುದನ್ನು ಲಕೋಟೆಯೊಡನೆ ಹಿಂದಕ್ಕೆ ಕೊಟ್ಟರು. "ಸಂಜೆ ನೀರು ತುಂಬಿದೆವಲ್ಲ. ಆಮೇಲಿನದಕ್ಕೆ ಲೆಕ್ಕ ಬರೆಯುವ ಕ್ರಮ ಇಲ್ಲ."

"ನಿಮಗೂ ಖರ್ಚು ಬಂದಿದೆಯಲ್ಲಾ ಅಮ್ಮಾ" ಎಂದು ನಾವು ತೊದಲಿದೆವು.

"ಖರ್ಚು ಬಂದದ್ದು ಹಬ್ಬಕ್ಕೆ, ನಿಮಗಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಆಮೇಲೆ ಅವರು ನಮ್ಮ ಕಡೆ ನೋಡದೆ ನಮ್ಮ ಮನೆಯವರಿಗೆ ಅರಿಶಿನ ಕುಂಕುಮ ಕೊಡುವುದರಲ್ಲಿ ತೊಡಗಿದರು. ಕಡುಬಿನ ಗಂಟನ್ನೂ ಅಪ್ಪೆಮಿಡಿಯ ಶೀಶೆಯನ್ನೂ ಅವರ ಕೈಗೇ ಕೊಟ್ಟರು.

ದಾರಿಯಲ್ಲಿ ಕಳಸದಲ್ಲಿಳಿದು ಮೆಟ್ಟಲು ಹತ್ತಿ ಕಳಸೇಶ್ವರನ ದರ್ಶನ ಮಾಡಿದೆವು. ಗಿರಿಜಾಕಲ್ಯಾಣಕ್ಕೆ ಲೋಕವೆಲ್ಲ ಉತ್ತರಕ್ಕೆ ನೆರೆದು ಭೂಮಿ ಒಂದು ಕಡೆಗೆ ವಾಲಿದಾಗ, ಅದನ್ನು ಸಮಮಾಡಲು ಅಗಸ್ತ್ಯರು ಮದುವೆಯೂಟವನ್ನು ಬಿಟ್ಟು ದಕ್ಷಿಣಕ್ಕೆ ಬಂದರೆಂದೂ, ಕಲ್ಯಾಣವನ್ನು ಇಲ್ಲಿಂದಲೇ ಕಂಡರೆಂದೂ ಸ್ಥಳದ ಕಥೆ. ನಮ್ಮ ಮನಸ್ಸು ಕಥೆಯಲ್ಲಿರಲಿಲ್ಲ. ನಮ್ಮ ಮನೆಯವರು ಬಸ್ಸಿನಲ್ಲಿ ಕುಳಿತ ಮೇಲೆ, "ಮೊದಲ ದಿನ ಹಲಗೆ ನೋಡಿ ಮುಖ ಸಿಂಡರಿಸಿದಿರಿ, ಕೊನೆಯ ದಿನ ನೀವೇ ಇನ್ನೊಂದು ಹಲಗೆ ಬರೆದುಕೊಟ್ಟಿರಿ" ಎಂದರು. ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಮರುವರ್ಷ, 2024ರ ಅಕ್ಟೋಬರ್ ಕೊನೆಯಲ್ಲಿ ಹಬ್ಬ ಬಂದಾಗ ಹೊರಡುವುದಾಗಲಿಲ್ಲ, ದೂರವಾಣಿಯಲ್ಲಿ ವಿಚಾರಿಸಿದೆವು. ಅಮ್ಮನವರೇ ತೆಗೆದುಕೊಂಡರು. ಎರಡು ಕೋಣೆಗಳನ್ನು ಹಬ್ಬಕ್ಕೂ ಕೊಟ್ಟಿದ್ದಾರಂತೆ, ಎರಡನ್ನು ಉಳಿಸಿಕೊಂಡಿದ್ದಾರಂತೆ. ಹಲಗೆಯನ್ನು ಈ ಸಲ ತೆಗೆದಿಲ್ಲವಂತೆ. ಬಂದವರು ಯಾರೋ ದೂರದವರು, ದರ ತಿಳಿಯದೆ ತೊಂದರೆಯಾಗುತ್ತದೆ ಎಂದರು. ಹಸುವಿನ ವಿಚಾರವನ್ನು ಕೇಳುವುದೋ ಬೇಡವೋ ಎಂದು ನಾವು ತಡೆಯುತ್ತಿರುವಾಗಲೇ ಅವರು, "ಕರು ಈಗ ಕಡಸಾಗಿದೆ" ಎಂದು ಹೇಳಿ, ನಮ್ಮ ಮನೆಯವರನ್ನು ಕರೆಯಿರಿ ಎಂದರು.