ಗ್ಯಾಸ್ ಪೈಪು ನಾವೇ ಹಾಕುವುದಾ?

ಸಿಲಿಂಡರನ್ನು ಅಡಿಗೆಮನೆಯಿಂದ ಹೊರಗೆ ಇಡಬೇಕು ಅಂತ ನಮ್ಮಲ್ಲಿ ಮಾತು ಶುರುವಾಗಿ ಎರಡು ಮಳೆಗಾಲ ಕಳೆದಿತ್ತು. ಕಾಸರಗೋಡಿನ ಹಳೆಯ ತೋಟದ ಮನೆಗಳನ್ನು ನೋಡಿದವರಿಗೆ ಗೊತ್ತು, ಗ್ಯಾಸ್ ಬಂತು ಅಂತ ಕಟ್ಟಿಗೆ ಒಲೆ ಹೋಗುವುದಿಲ್ಲ. ನಮ್ಮಲ್ಲೂ ಹಾಗೇ. ಒಂದು ಮೂಲೆಯಲ್ಲಿ ನೆಲಮಟ್ಟದ ಒಲೆ, ಕುಚ್ಚಲಕ್ಕಿ ಬೇಯುವುದು ಅದರಲ್ಲೇ. ಏಳೆಂಟು ಅಡಿ ಆಚೆ ಗ್ಯಾಸ್ ಸ್ಟವ್, ಅದರ ಕೆಳಗೆ ಸಿಲಿಂಡರ್.

(ಇಲ್ಲಿ ಮಲಯಾಳದಲ್ಲಿ ಸಿಲಿಂಡರಿಗೆ 'ಗ್ಯಾಸ್ ಕುಟ್ಟಿ' ಅನ್ನುತ್ತಾರೆ. ಮಗುವಿಗೂ 'ಕುಟ್ಟಿ'. ಅವರ ಕಿವಿಗೆ ಎರಡೂ ಬೇರೆ ಬೇರೆ ಉಚ್ಚಾರ, ನಮ್ಮ ಕನ್ನಡದ ಕಿವಿಗೆ ಒಂದೇ!)

ಮಾತು ಮಾತಾಗಿಯೇ ಉಳಿಯುತ್ತಿತ್ತೋ ಏನೋ. 2021ರಲ್ಲಿ ಕೊರೋನಾ ಬಂದು ಹೋದ ಮೇಲೆ ಅಮ್ಮನಿಗೆ ವಾಸನೆ ತಿಳಿಯುವುದಿಲ್ಲ. ಒಂದು ಸಂಜೆ ನಾವು ಶಾಲೆಯಿಂದ ಬರುವಾಗ ಜಗಲಿಗೇ ಗ್ಯಾಸಿನ ವಾಸನೆ. ಒಳಗೆ ಅಮ್ಮ ಒಲೆಗೆ ತೆಂಗಿನ ಗರಿ ತುಂಬಿ ಬೆಂಕಿಪೆಟ್ಟಿಗೆ ಹುಡುಕುತ್ತಿದ್ದರು. ಆ ದಿನ ಬೆಂಕಿಪೆಟ್ಟಿಗೆ ಜಾಗದಲ್ಲಿ ಇರಲಿಲ್ಲ, ಅಷ್ಟೇ. ರೆಗ್ಯುಲೇಟರ್ ಬಂದ್ ಮಾಡಿ, ಲೈಟಿನ ಸ್ವಿಚ್ ಮುಟ್ಟದೆ ಬಾಗಿಲು ಕಿಟಕಿ ತೆರೆದು, ಅಮ್ಮನನ್ನು ಅಂಗಳಕ್ಕೆ ಕರೆತಂದೆವು. ರಬ್ಬರ್ ಟ್ಯೂಬ್ ಬಿರುಕು ಬಿಟ್ಟಿತ್ತು. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು, ನಾವು ಬದಲಿಸಿರಲಿಲ್ಲ. ತಪ್ಪು ನಮ್ಮದೇ.

ಈ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಅಂತ ಮರ್ಕ್ಯಾಪ್ಟಾನ್ ಎಂಬ ನಾತದ ರಾಸಾಯನಿಕ ಸೇರಿಸುತ್ತಾರೆ. ಅಂದರೆ ಇಡೀ ವ್ಯವಸ್ಥೆ ನಿಂತಿರುವುದು ಮನೆಯವರ ಮೂಗಿನ ಮೇಲೆ. ಮೇಲಾಗಿ ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಾಲು ಭಾರ. ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದಲ್ಲಿ ಹರಡುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸೇರಿದರೂ ಬೆಂಕಿ ಹಿಡಿಯುತ್ತದೆ. ನಮ್ಮ ಒಲೆಯೋ, ನೆಲದಲ್ಲೇ.

ಸರಿ, ಸಿಲಿಂಡರ್ ಹೊರಗೆ, ತಾಮ್ರದ ಪೈಪು ಒಳಗೆ ಅಂತ ತೀರ್ಮಾನವಾಯಿತು. ಮೆಕ್ಯಾನಿಕ್ ಹೇಳಿದ ಕೂಲಿ ಹೆಚ್ಚುಕಡಿಮೆ ಪೈಪಿನ ಬೆಲೆಯಷ್ಟೇ ಇತ್ತು. ಭಾವ ಕೇಳಿ ನಕ್ಕರು. ಇಡೀ ಅಡಿಕೆ ತೋಟಕ್ಕೆ ಡ್ರಿಪ್ ಎಳೆದವರು ಅವರು.

"ಎಂತ ಭಾವ, ನೀರು ಹೋಗುವ ಪೈಪು ನಾವೇ ಹಾಕಿದ್ದೇವೆ, ಗಾಳಿ ಹೋಗುವ ಪೈಪು ಹಾಕ್ಲಿಕ್ಕೆ ಆಗುದಿಲ್ವಾ? ತೋಟದ ಲೈನಿನಲ್ಲಿ ಒಂದು ಕಿಲೋ ಪ್ರೆಶರ್ ಉಂಟು. ಇದರಲ್ಲಿ ಎಷ್ಟು?"

ಅವರ ಲೆಕ್ಕ ಸರಿಯೇ. ರೆಗ್ಯುಲೇಟರ್ ದಾಟಿದ ಮೇಲೆ ಚದರ ಸೆಂಟಿಮೀಟರಿಗೆ ಬರೇ 30 ಗ್ರಾಮಿನಷ್ಟು ಒತ್ತಡ. ನಾವೂ ಅರ್ಧ ಒಪ್ಪಿದ್ದೆವು. ತಾಮ್ರದ ಪೈಪು ತಂದೂ ಆಯಿತು. (ಪಿವಿಸಿ ಸಾಕು ಅಂತ ಅಂಗಡಿಯಲ್ಲಿ ಒಬ್ಬರ ಸಲಹೆ ಬಂತು. ಗ್ಯಾಸಿಗೆ ಪಿವಿಸಿ ಕೂಡದೇ ಕೂಡದು.) ಆದರೆ ತೋಟದಲ್ಲಿ ಪೈಪು ಸೋರಿದರೆ ಮಣ್ಣು ಒದ್ದೆಯಾಗಿ ಕಾಣುತ್ತದೆ. ಇಲ್ಲಿ ಒದ್ದೆಯಾಗುವುದಿಲ್ಲ. ಹಗಲು ಮನೆಯಲ್ಲಿರುವುದು ಅಮ್ಮ ಒಬ್ಬರೇ.

ಕಡೆಗೆ ಕೆಲಸ ಹಂಚಿಕೊಂಡೆವು. ಜಾಗ ನೋಡುವುದು, ಕಟ್ಟೆ ಕಟ್ಟುವುದು, ಗೋಡೆಗೆ ತೂತು ಕೊರೆಯುವುದು ನಾವು ಮತ್ತು ಭಾವ. ಪೈಪು ಜೋಡಿಸಿ ಪರೀಕ್ಷೆ ಮಾಡುವುದು ಏಜೆನ್ಸಿಯ ಮೆಕ್ಯಾನಿಕ್. ಜಾಗದ್ದೇ ದೊಡ್ಡ ಚರ್ಚೆ. ಬಚ್ಚಲಿನ ಬದಿ ಹತ್ತಿರ, ಆದರೆ ಅಲ್ಲಿ ಹಂಡೆಯ ಒಲೆ ದಿನವಿಡೀ ಕೆಂಡ. ಹಿಂಬದಿಯಲ್ಲಿ ನೀರು ಹೋಗುವ ಚರಂಡಿ, ಭಾರದ ಗ್ಯಾಸ್ ಅದರೊಳಗೆ ಇಳಿದು ಕೂತೀತು. ಬಾವಿಯ ಬದಿಯ ನೆರಳಿನಲ್ಲಿ ಕಟ್ಟೆ ಎದ್ದಿತು. ಮಳೆಗೆ ಮೇಲೊಂದು ಶೀಟು, ಸುತ್ತ ಗಾಳಿಯಾಡುವ ಜಾಲರಿ.

ಮೆಕ್ಯಾನಿಕ್ ಬಂದ ಹುಡುಗ ಮಲಯಾಳಿ, ಮಾತು ಕಡಿಮೆ. ಗೋಡೆಯ ತೂತಿಗೆ ಮೊದಲು ದೊಡ್ಡ ಪೈಪಿನ ತುಂಡು ಕೂರಿಸಿ, ಅದರೊಳಗಿಂದ ತಾಮ್ರ ತಂದ. ಗೋಡೆಯ ಒಳಗೆ ಜಾಯಿಂಟ್ ಬರದ ಹಾಗೆ ನೋಡಿಕೊಂಡ. ಆಮೇಲೆ ಗ್ಯಾಸ್ ಬಿಡಲಿಲ್ಲ! ಎರಡೂ ತುದಿ ಮುಚ್ಚಿ, ಪಂಪಿನಿಂದ ಗಾಳಿ ತುಂಬಿ, ಒಂದು ಮೀಟರ್ ಸಿಕ್ಕಿಸಿ ಜಗಲಿಯಲ್ಲಿ ಚಹಾ ಕುಡಿಯುತ್ತ ಕೂತ. ಅರ್ಧ ಗಂಟೆ ಬಿಟ್ಟು ನೋಡಿದರೆ ಮುಳ್ಳು ಒಂದು ಕೂದಲಿನಷ್ಟು ಇಳಿದಿತ್ತು. ನಮಗಾದರೆ ಕಾಣುತ್ತಲೇ ಇರಲಿಲ್ಲ. ಸಾಬೂನು ನೀರು ಹಚ್ಚಿದಾಗ ಸ್ಟವಿನ ಹತ್ತಿರದ ಜಾಯಿಂಟಿನಲ್ಲಿ ಸಾಸಿವೆಯಷ್ಟು ಗುಳ್ಳೆ. ತಾಮ್ರದ ತುದಿ ಅಗಲಿಸುವಾಗ ಸೀಳಿತ್ತು. ಅವನದ್ದೇ ಕೈಯ ಕೆಲಸ. ಕತ್ತರಿಸಿ ಬಿಸಾಡಿ ಮತ್ತೆ ಮಾಡಿದ. ಮತ್ತೆ ಗಾಳಿ, ಮತ್ತೆ ಅರ್ಧ ಗಂಟೆ.

ಭಾವ ಆ ಗುಳ್ಳೆಯನ್ನು ಬಗ್ಗಿ ನೋಡಿದವರು ಆಮೇಲೆ ಕೂಲಿಯ ವಿಷಯ ಎತ್ತಲಿಲ್ಲ. ನಮ್ಮಲ್ಲಿ ಕೈ ಇತ್ತು, ಆ ಮೀಟರ್ ಇರಲಿಲ್ಲ.

2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ ನಮ್ಮ ಜಿಲ್ಲೆಯ ಮೂಲಕವೇ ಹೋಗುತ್ತದೆ. ಅದರದ್ದು ನೈಸರ್ಗಿಕ ಅನಿಲ, ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಇದನ್ನು ಹೇಳಲು ಕಾರಣ, ಸೋರಿಕೆ ಪತ್ತೆಯ ಅಲಾರಂ ಪೆಟ್ಟಿಗೆ ತಂದಾಗ ಎಲ್ಲಿ ಕೂರಿಸುವುದು ಅಂತ ಮತ್ತೆ ಚರ್ಚೆ ಆಯಿತು. ಆ ಅನಿಲಕ್ಕಾದರೆ ಮಾಡಿನ ಹತ್ತಿರ, ಸಿಲಿಂಡರಿನ ಗ್ಯಾಸಿಗಾದರೆ ನೆಲದ ಹತ್ತಿರ. ನಮ್ಮದು ಒಲೆಯ ಬದಿಯಲ್ಲಿ, ನೆಲದಿಂದ ಒಂದು ಗೇಣು ಮೇಲೆ ಉಂಟು.

ಏಜೆನ್ಸಿ ಕೊಟ್ಟ ಸೂಚನೆಯ ಹಾಳೆ ಮಲಯಾಳದಲ್ಲಿತ್ತು, ಹಿಂದೆ ಇಂಗ್ಲಿಷ್. ಅಮ್ಮ ಎರಡನ್ನೂ ಓದುವುದಿಲ್ಲ. ರಾತ್ರಿ ಕೂತು ಅದನ್ನು ಕನ್ನಡದಲ್ಲಿ, ಒಂದನೇ ಕ್ಲಾಸಿನ ಬೋರ್ಡಿನ ಮೇಲಿನ ಅಕ್ಷರದಷ್ಟು ದಪ್ಪಕ್ಕೆ ಬರೆದೆವು. ಕೆಳಗೆ ತುರ್ತು ನಂಬರ್ 1906. ಗೋಡೆಗೆ ಅಂಟಿಸಿ ಅಮ್ಮನನ್ನು ಕರೆದೆವು. ಕನ್ನಡಕ ಹಾಕಿ ಓದಿದರು. ಮೊದಲನೇ ಸಾಲಿಗೇ ಬೆರಳಿಟ್ಟರು.

"'ವಾಸನೆ ಬಂದರೆ' ಅಂತ ಬರೆದಿದ್ದೀರಲ್ಲ ಮಕ್ಕಳೇ, ನನಗೆ ಎಲ್ಲಿ ಬರ್ತದೆ?"

ಅದನ್ನು ಹೊಡೆದು 'ಪೆಟ್ಟಿಗೆ ಕೂಗಿದರೆ' ಅಂತ ತಿದ್ದಿದೆವು.