ವಿದ್ಯಾನಗರದ ಗೇಟು, ಭಟ್ಟಿಯ ಒಲೆ

ಬೆಂಗಳೂರಿನಿಂದ ಪುಣೆಯತ್ತ ಸಾಗುವ ಹೆದ್ದಾರಿಯಲ್ಲಿ ಚಿತ್ರದುರ್ಗದ ಕೋಟೆಯನ್ನು ಹಿಂದೆ ಬಿಟ್ಟು ಒಂದು ಗಂಟೆಯ ಹಾದಿ ಸವೆಸಿದವರಿಗೆ ದಾವಣಗೆರೆ ಎದುರಾಗುತ್ತದೆ. ಬೆಟ್ಟವಿಲ್ಲ, ಕೋಟೆಯಿಲ್ಲ, ಅರಮನೆಯೂ ಇಲ್ಲ. ಬಯಲಿನ ನಡುವೆ ವ್ಯಾಪಾರವೊಂದನ್ನೇ ನೆಚ್ಚಿ ಬೆಳೆದ ಊರು. 2011ರ ಜನಗಣತಿಯಂತೆ ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನ. ಹತ್ತಿಯ ಗಿರಣಿಗಳ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. ಗಿರಣಿಗಳ ಸೈರನ್ ನಿಂತ ಮೇಲೆ ಬೆಣ್ಣೆದೋಸೆಯೂ ಮಂಡಕ್ಕಿಯೂ ಊರಿನ ಕೀರ್ತಿಯನ್ನು ಕಾಪಾಡಿಕೊಂಡು ಬಂದಿವೆ. ಪರಸ್ಥಳದಿಂದ ಬಂದವರು ದೋಸೆ ತಿಂದು, ಗಾಜಿನ ಮನೆ ನೋಡಿ, ಹರಿಹರದ ದೇವಾಲಯಕ್ಕೆ ಹೊರಟುಬಿಡುವುದು ವಾಡಿಕೆ. ಊರಿನೊಳಗಿರುವ ಎರಡು ಊರುಗಳನ್ನು ನೋಡುವಷ್ಟು ವ್ಯವಧಾನ ಅವರಿಗೆ ಇರುವುದಿಲ್ಲ.

ಆ ಎರಡರಲ್ಲಿ ಒಂದು ವಿದ್ಯಾನಗರ. ಹೆಸರಿಗೆ ತಕ್ಕಂತೆ ಇದು ಕಾಲೇಜುಗಳ ನೆರೆಯಲ್ಲಿ ಹುಟ್ಟಿದ ಬಡಾವಣೆ. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಆರಂಭವಾದ ಮೇಲೆ ಗಿರಣಿಗಳ ಊರು ಮೆಲ್ಲಮೆಲ್ಲನೆ ಡಾಕ್ಟರುಗಳ, ಇಂಜಿನಿಯರುಗಳ ಊರೂ ಆಯಿತು. ಆ ಬದಲಾವಣೆಯ ಫಲ ಇಲ್ಲಿಯ ಬೀದಿಬೀದಿಯಲ್ಲಿ ಕಾಣುತ್ತದೆ. ಅಗಲವಾದ ರಸ್ತೆಗಳು, ಕುವೆಂಪು ಕನ್ನಡ ಭವನ, ಉದ್ಯಾನ, ಕಾಂಪೌಂಡಿನೊಳಗೆ ಎರಡು ತೆಂಗಿನ ಮರ, ಒಂದು ಪಾರಿಜಾತ, ಒಂದು ಕಾರು. ಮನೆಗಳಿಗೆಲ್ಲ ಹೆಸರುಗಳುಂಟು, ಬಹುಪಾಲು ತಾಯಿಯದೋ ಕುಲದೇವತೆಯದೋ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಸಂಜೆ ಆರರ ಹೊತ್ತಿಗೆ ನಿವೃತ್ತರು ಶೂ ಕಟ್ಟಿ ವಾಯುಸೇವನೆಗೆ ಹೊರಡುತ್ತಾರೆ. ಹಿಂದಿರುಗುವಾಗ ಗಾಡಿಯ ಮುಂದೆ ನಿಂತು, ವೈದ್ಯರು ಬೇಡವೆಂದಿದ್ದರೂ, ಒಂದು ಪೊಟ್ಟಣ ಖಾರ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಳ್ಳುತ್ತಾರೆ.

ಆ ಮಂಡಕ್ಕಿ ಬರುವುದು ಎರಡನೆಯ ಊರಿನಿಂದ. ಬಾಷಾನಗರ, ಆಜಾದ್‌ನಗರಗಳ ಆಸುಪಾಸಿನ ಮಂಡಕ್ಕಿ ಭಟ್ಟಿಗಳ ಪ್ರದೇಶ ಅದು. ಭತ್ತವನ್ನು ನೆನೆಹಾಕಿ, ಕಾಯಿಸಿ, ಒಣಗಿಸಿ, ಹೊಟ್ಟು ಬಿಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ ಮಲ್ಲಿಗೆಯಾಗುತ್ತದೆ. ನೋಡುವವರಿಗೆ ಅದು ಸೊಗಸು. ಒಲೆಯ ಬಾಯಿಯ ಮುಂದೆ ನಿಂತವರಿಗೆ ಬೆವರು, ಹೊಗೆ, ಕೆಮ್ಮು. ಮನೆಯವರೆಲ್ಲ ಕೂಡಿ ದುಡಿದರೆ ಆ ದಿನದ ಸಂಪಾದನೆ. ಭಟ್ಟಿಗೂ ವಿದ್ಯಾನಗರಕ್ಕೂ ನಡುವೆ ಕೆಲವೇ ಕಿಲೋಮೀಟರುಗಳ ಅಂತರ. 2020ರ ವಸಂತದಲ್ಲಿ ಆ ಅಂತರ ಎಷ್ಟು ದೊಡ್ಡದೆಂಬುದು ಊರಿಗೆ ತಿಳಿದುಬಂತು.

ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. ಸಂಜೆ ಐದಕ್ಕೆ ವಿದ್ಯಾನಗರದ ತಾರಸಿಗಳಲ್ಲಿ ಗಂಟೆ, ಜಾಗಟೆ, ತಟ್ಟೆಗಳ ನಾದ ಮೊಳಗಿತು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಮಂತ್ರಿಗಳು ಇಪ್ಪತ್ತೊಂದು ದಿನ ದೇಶವನ್ನೆಲ್ಲ ಮುಚ್ಚುವುದಾಗಿ ಪ್ರಕಟಿಸಿದರು. ನಾಲ್ಕೇ ಗಂಟೆಗಳಲ್ಲಿ ಅದು ಜಾರಿಗೆ ಬಂತು. ಮರುದಿನ ಯುಗಾದಿ. ಹುಟ್ಟಿದ ಸಂವತ್ಸರದ ಹೆಸರು ಶಾರ್ವರಿ; ಶರ್ವರಿ ಎಂದರೆ ರಾತ್ರಿ ಎಂದು ಸಂಸ್ಕೃತ ಬಲ್ಲ ಹಿರಿಯರು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡರು. ಬೇವಿನ ಸೊಪ್ಪು ಹಿತ್ತಲಿನಲ್ಲಿತ್ತು, ಬೆಲ್ಲ ಡಬ್ಬಿಯಲ್ಲಿತ್ತು, ಹೋಳಿಗೆಯ ಬೇಳೆ ಹಿಂದಿನ ವಾರವೇ ಬಂದಿತ್ತು. ಹಬ್ಬಕ್ಕೆ ಕೊರತೆಯಾಗಲಿಲ್ಲ.

ಅಲ್ಲಿಂದ ಮುಂದಿನ ಕೆಲವು ವಾರಗಳನ್ನು ವಿದ್ಯಾನಗರ ಒಂದು ಬಗೆಯ ದೀರ್ಘ ರಜೆಯಾಗಿ ಕಳೆಯಿತೆಂದರೆ ಅನ್ಯಾಯವಾಗದು. ದೂರದರ್ಶನ ಮಾರ್ಚ್ 28ರಿಂದ ರಾಮಾಯಣವನ್ನು ಮತ್ತೆ ತೋರಿಸತೊಡಗಿತು. ಅಜ್ಜಂದಿರು ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರು. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ಹಣತೆಗಳು ಬೆಳಗಿದವು. ವಾಹನಗಳ ಸದ್ದಿಲ್ಲದ ಬೀದಿಯಲ್ಲಿ ಕೋಗಿಲೆಯ ಕೂಗು ಎಷ್ಟು ಸ್ಪಷ್ಟವಾಗಿ ಕೇಳುತ್ತದೆಂದು ಎಲ್ಲರೂ ಬೆರಗಾದರು. ತಿಂಗಳ ಸಂಬಳವೂ ಪಿಂಚಣಿಯೂ ಬ್ಯಾಂಕಿಗೆ ಬಂದು ಬೀಳುತ್ತಿದ್ದವು. ಇಂಥ ಮನೆಯ ಜಗುಲಿಯಲ್ಲಿ ಕುಳಿತು, "ಇಪ್ಪತ್ತೊಂದು ದಿನ ಏನೂ ಸಾಲದು, ಮೂರು ತಿಂಗಳು ಬಿಗಿಯಾಗಿ ಮುಚ್ಚಬೇಕು" ಎಂದು ತೀರ್ಪು ಕೊಡುವುದು ಕಷ್ಟವಲ್ಲ. ಹಾಗೆ ಹೇಳಿದವರು ಕೆಟ್ಟವರೂ ಅಲ್ಲ, ದಡ್ಡರೂ ಅಲ್ಲ. ಮುಚ್ಚುವುದು ಎಂಬ ಮಾತಿಗೆ ಅವರ ಅನುಭವದಲ್ಲಿದ್ದ ಅರ್ಥ ಗೇಟಿನ ಚಿಲಕ ಹಾಕುವುದು, ಅಷ್ಟೇ.

ಭಟ್ಟಿಯಲ್ಲಿ ಅದೇ ಮಾತಿಗೆ ಒಲೆ ಆರುವುದೆಂದು ಅರ್ಥ. ಬೇಸಿಗೆ ಜಾತ್ರೆಗಳ ಕಾಲ, ಆದುದರಿಂದ ಮಂಡಕ್ಕಿಯ ಕಾಲ. ಆ ವರ್ಷ ತೇರುಗಳು ನಿಂತವು, ಸಂತೆಗಳು ನಿಂತವು, ಬಸ್ ನಿಲ್ದಾಣಗಳು ಬರಿದಾದವು. ಅಕ್ಕಿಗೆ ಪರದಾಟವಾಗದಂತೆ ಸರ್ಕಾರ ಎರಡು ತಿಂಗಳ ಪಡಿತರವನ್ನು ಒಟ್ಟಿಗೆ ಕೊಟ್ಟಿತು, ನಿಜ. ಆದರೆ ಎಣ್ಣೆ, ಬೇಳೆ, ಬಾಡಿಗೆ, ಔಷಧಿಗಳನ್ನು ಅಕ್ಕಿಯಿಂದ ತೀರಿಸಲಾಗುವುದಿಲ್ಲ. ಇನ್ನು ಮನೆಯೊಳಗೇ ಇರಬೇಕೆಂಬ ಆಜ್ಞೆ. ಒಂದೇ ಕೋಣೆಯ ಮನೆಯಲ್ಲಿ ಏಳೆಂಟು ಜನ ಹಗಲಿಡೀ ಇರುವುದು ಹೇಗೆ? "ಮನೇಲಿ ಇರ್ರಿ ಅಂತೀರಿ. ನಮಗೆ ಮನಿ ಅಂದ್ರೆ ರಾತ್ರಿ ಮಲಗೋ ಜಾಗ ರೀ ಸರ" ಎಂಬ ಉತ್ತರವನ್ನು ಕಾವಲಿಗೆ ನಿಂತ ಪೊಲೀಸರು ಅದೆಷ್ಟು ಬಾರಿ ಕೇಳಿದರೋ! ಗಳಿಗೆಗೊಮ್ಮೆ ಸೋಪು ಹಚ್ಚಿ ಕೈ ತೊಳೆಯಿರೆಂಬ ಬೋಧನೆಯನ್ನು ನಲ್ಲಿಗೆ ದಿನವೂ ನೀರು ಬಾರದ ಓಣಿಗಳಲ್ಲಿ ಧ್ವನಿವರ್ಧಕ ಕಟ್ಟಿದ ಗಾಡಿಗಳು ಸಾರಿಕೊಂಡು ಹೋದವು.

ಏಪ್ರಿಲ್ ಕೊನೆಯ ವೇಳೆಗೆ ಜಿಲ್ಲೆ ಹಸಿರು ವಲಯವೆನಿಸುವ ಸಂತೋಷದಲ್ಲಿತ್ತು. ಅಷ್ಟರಲ್ಲೇ ಬಾಷಾನಗರದಲ್ಲಿ ಸೋಂಕು ಕಂಡಿತು, ಜಾಲಿನಗರದಲ್ಲಿ ಕಂಡಿತು. ಮೇ ಮೊದಲ ವಾರದಲ್ಲಿ ಸಂಖ್ಯೆ ಏರಿತು. ತಗಡಿನ ಹಾಳೆಗಳೂ ಬೊಂಬುಗಳೂ ಬಂದು ಓಣಿಯ ಬಾಯಿಗಳನ್ನು ಮುಚ್ಚಿದವು. ಆಗ ವಿದ್ಯಾನಗರದ ಮಾತುಕತೆಯಲ್ಲಿ "ಆ ಕಡೆಯವರು" ಎಂಬ ಪ್ರಯೋಗ ರೂಢಿಗೆ ಬಂತು. ಆ ಕಡೆಯವರಿಗೆ ತಿಳಿವಳಿಕೆ ಇಲ್ಲ, ಆ ಕಡೆಯವರು ಮಾತು ಕೇಳುವುದಿಲ್ಲ, ಆ ಕಡೆಯವರಿಂದಲೇ ಊರಿಗೆ ಕೆಟ್ಟ ಹೆಸರು. ಯಾವ ಕಡೆ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಜಾತಿ, ಮತ, ಬಡತನ ಮೂರೂ ಆ ಒಂದು ಸರ್ವನಾಮದೊಳಗೆ ಅಡಗಿ ಕುಳಿತಿದ್ದವು. ಪರಸ್ಪರ ಆರಡಿ ದೂರ ನಿಲ್ಲಬೇಕಾದರೆ ಮೊದಲು ಆರಡಿ ನೆಲವಿರಬೇಕೆಂಬುದನ್ನು ವಿಜ್ಞಾನ ಓದಿದವರೂ ಗಮನಿಸಲಿಲ್ಲ.

ವಿದ್ಯಾನಗರದ ಭಯ ಸುಳ್ಳಾಗಿತ್ತೆಂದು ಇದರಿಂದ ತಿಳಿಯಬಾರದು. ರೋಗ ವೃದ್ಧರನ್ನು ಹೆಚ್ಚಾಗಿ ಕಾಡುತ್ತಿತ್ತು. ದೊಡ್ಡ ಮನೆಗಳಲ್ಲಿ ಇಬ್ಬರೇ ಮುದುಕರು. ಮಗ ಸಾವಿರಾರು ಮೈಲಿ ದೂರದಲ್ಲಿ, ವಿಮಾನಗಳಿಲ್ಲ. ರಾತ್ರಿ ಎದೆ ನೋವು ಬಂದರೆ ಯಾರನ್ನು ಕರೆಯುವುದೆಂಬ ಅಳುಕಿಗೆ ಸಿರಿತನ ಮದ್ದಲ್ಲ. ಇದೇ ಬಡಾವಣೆಯ ತರುಣರು ಅಕ್ಕಿ, ಬೇಳೆ, ಎಣ್ಣೆಗಳ ಚೀಲ ಕಟ್ಟಿ ಹಂಚಿದ್ದೂ ಉಂಟು. ಚೀಲ ಕೊಡುವಾಗ ಎಂಟು ಕೈಗಳು ಸೇರಿ ಫೋಟೋ ತೆಗೆಸಿಕೊಂಡದ್ದೂ ಉಂಟು. ಫೋಟೋದಲ್ಲಿ ಕೊಟ್ಟವರು ಕ್ಯಾಮೆರಾ ನೋಡುತ್ತಿರುತ್ತಿದ್ದರು, ತೆಗೆದುಕೊಂಡವರು ಚೀಲ ನೋಡುತ್ತಿರುತ್ತಿದ್ದರು.

ಒಂದು ವಿಚಿತ್ರವೆಂದರೆ, ಬಾಗಿಲು ಮುಚ್ಚುವುದರ ಅನುಭವ ಈ ಊರಿಗೆ ಹೊಸದಲ್ಲ. 1930ರ ದಶಕದಿಂದ ಗಿರಣಿಗಳನ್ನು ಕಂಡ ದಾವಣಗೆರೆಯ ಕಾರ್ಮಿಕ ಕುಟುಂಬಗಳಿಗೆ ಲಾಕೌಟ್ ಎಂಬ ಇಂಗ್ಲಿಷ್ ಶಬ್ದ ಅಕ್ಷರಾಭ್ಯಾಸಕ್ಕಿಂತ ಮೊದಲೇ ಪರಿಚಯ. ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ನಾಯಕ ಪಂಪಾಪತಿಯವರನ್ನು ಮೂರು ಬಾರಿ ವಿಧಾನಸಭೆಗೆ ಕಳಿಸಿದ ಊರು ಇದು. ಗಿರಣಿಯ ಗೇಟಿಗೆ ಬೀಗ ಬಿದ್ದ ದಿನ ಅಂಗಡಿಯ ಸಾಲದ ಪುಸ್ತಕ ಮುಚ್ಚುತ್ತದೆ, ಹೆಣ್ಣುಮಗುವಿನ ಶಾಲೆ ಮೊದಲು ನಿಲ್ಲುತ್ತದೆ ಎಂಬುದನ್ನು ಅಂದಿನ ತಾಯಂದಿರು ಕಂಡಿದ್ದರು. ಲಾಕ್‌ಡೌನ್ ಎಂದಾಗ ಹಳೆಯ ಗಿರಣಿ ಕಾರ್ಮಿಕರ ಕಿವಿಗೆ ಬಿದ್ದದ್ದು ಆ ಲಾಕೌಟೇ. ಅವರು ರೋಗವನ್ನು ಲಘುವಾಗಿ ಕಂಡವರಲ್ಲ, ಬೀಗವನ್ನು ಬಲ್ಲವರು.

ಬೀಗದ ಇನ್ನೊಂದು ಚರಿತ್ರೆಯನ್ನು ಕಾಣಬೇಕಾದರೆ ತುಸು ಹಿಂದಕ್ಕೆ ಹೋಗಬೇಕು. ಕೊರೊನಾ ಕಾಲದಲ್ಲಿ ಅಧಿಕಾರಿಗಳು ಆಧಾರವಾಗಿ ಹಿಡಿದ ಸಾಂಕ್ರಾಮಿಕ ರೋಗಗಳ ಕಾಯಿದೆ 1897ರದು, ಮುಂಬಯಿಯ ಪ್ಲೇಗಿಗಾಗಿ ಆಂಗ್ಲರು ಮಾಡಿದ್ದು. ಮರುವರ್ಷ ಪ್ಲೇಗು ಬೆಂಗಳೂರಿಗೆ ಬಂತು. ಇಕ್ಕಟ್ಟಿನ ಪೇಟೆಯಿಂದ ಬಿಡುಗಡೆಯಾಗಿ ಮಲ್ಲೇಶ್ವರ, ಬಸವನಗುಡಿಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಬೆಳೆದದ್ದು ಅದರ ಬೆನ್ನಿಗೇ. ನಿವೇಶನ ಕೊಳ್ಳಬಲ್ಲವರು ಬಡಾವಣೆಗೆ ಬಂದರು. ಉಳಿದವರು ಪೇಟೆಯಲ್ಲೇ ಉಳಿದರು. ಅಗಲ ರಸ್ತೆ, ಮನೆಗೊಂದು ಅಂಗಳ ಎಂಬ ಆ ಮಾದರಿಯನ್ನೇ ಆಮೇಲೆ ನಾಡಿನ ಊರೂರುಗಳ ಬಡಾವಣೆಗಳು ಅನುಸರಿಸಿದವು. ವಿದ್ಯಾನಗರವೂ ಆ ವಂಶದ್ದೇ.

ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು ದೂರದ ಹರಿಹರದಲ್ಲಿ ಇದೇ ಕಥೆಗೆ ನದಿಯೊಂದು ಸೇರಿಕೊಂಡಿತು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಯ ಬಾಗಿಲು ಆ ಬೇಸಿಗೆ ಭಕ್ತರಿಗೆ ತೆರೆಯಲಿಲ್ಲ. ಊರಿನ ಅಂಚಿನಲ್ಲಿ ತುಂಗಭದ್ರೆ. 1868ರಲ್ಲಿ ಮುಗಿದ ಹಳೆಯ ಸೇತುವೆ. ಆಚೆ ದಡದ ಕುಮಾರಪಟ್ಟಣ ಹಾವೇರಿ ಜಿಲ್ಲೆ. ಅಲ್ಲಿಯ ಪಾಲಿಫೈಬರ್ಸ್ ಕಾರ್ಖಾನೆಗೆ ಹೆಸರು ಹರಿಹರದ್ದು, ನೆಲ ಇನ್ನೊಂದು ಜಿಲ್ಲೆಯದು. ಬೆಳಿಗ್ಗೆ ದಾಟಿ ಸಂಜೆ ಮರಳುವವರಿಗೆ ಹೊಳೆ ಎಂದೂ ಗಡಿಯೆನಿಸಿರಲಿಲ್ಲ. ಜಿಲ್ಲೆ ದಾಟಲು ಪಾಸು ಬೇಕೆಂಬ ದಿನ ಬಂದಾಗ, ಫೋನಿನಲ್ಲಿ ಅರ್ಜಿ ತುಂಬಬಲ್ಲವರು, ಅಧಿಕಾರಿಗಳ ಪರಿಚಯವಿದ್ದವರು ಕಾರಿನ ಗಾಜಿಗೆ ಕಾಗದ ಅಂಟಿಸಿಕೊಂಡು ಹೋದರು. ಗುತ್ತಿಗೆ ಕೂಲಿಯವನು, ತರಕಾರಿ ಬುಟ್ಟಿ ಹೊತ್ತ ಹೆಂಗಸು ದಡದಲ್ಲೇ ಉಳಿದರು. 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಮುಚ್ಚಿದಾಗಲೇ ಹರಿಹರದ ಎಷ್ಟೋ ಮನೆಗಳು ಸಂಬಳದಿಂದ ದಿನಗೂಲಿಗೆ ಇಳಿದಿದ್ದವು. ಅಂಥ ಮನೆಗಳಿಗೆ ಇದು ಎರಡನೆಯ ಪೆಟ್ಟು.

ಮೇ 6ರಂದು ರಾಜ್ಯ ಸರ್ಕಾರ 1610 ಕೋಟಿ ರೂಪಾಯಿಗಳ ಪರಿಹಾರ ಘೋಷಿಸಿತು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5000. ಭಟ್ಟಿಯ ಮುಂದೆ ನಿಲ್ಲುವವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಮನೆಗೆಲಸದ ಹೆಂಗಸರ ಹೆಸರೂ ಇರಲಿಲ್ಲ. ಇವರಿಗೆ 2000 ರೂಪಾಯಿ ಸಿಗಬೇಕಾದರೆ ಮರುವರ್ಷದ ಪಟ್ಟಿ ಬರಬೇಕಾಯಿತು. ಶಾಲೆಗಳ ಮಾತೂ ಹೀಗೆಯೇ. ವಿದ್ಯಾನಗರದ ಮಕ್ಕಳು ತಮ್ಮ ತಮ್ಮ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಪಾಠ ಕೇಳಿದರು. ಇಲ್ಲದವರಿಗಾಗಿ ಆಗಸ್ಟಿನಲ್ಲಿ ವಿದ್ಯಾಗಮ ಎಂಬ ಯೋಜನೆ ಬಂತು. ಮೇಷ್ಟರುಗಳು ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಅಂಜಿಕೆಯಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ನಿಲ್ಲಿಸಿದ್ದು ಸರಿ ಎಂದವರ ಮನೆಯಲ್ಲಿ ಕಂಪ್ಯೂಟರ್ ಪಾಠ ಮುಂದುವರಿದಿತ್ತು.

2021ರ ಎರಡನೆಯ ಅಲೆ ಕಾಂಪೌಂಡುಗಳನ್ನು ಲೆಕ್ಕಿಸಲಿಲ್ಲ. ಎರಡು ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲೂ ಹಾಸಿಗೆಗಾಗಿ ಫೋನು ತಿರುಗಿಸುವ ಗತಿ ದೊಡ್ಡ ಮನೆಗಳಿಗೆ ಒದಗಿತು. ಆದರೂ ಫೋನಿನ ಆ ತುದಿಯಲ್ಲಿ ಪರಿಚಯದ ಡಾಕ್ಟರಿರುವುದು ಸಣ್ಣ ಸೌಲಭ್ಯವಲ್ಲ. ಹದಿನೆಂಟು ವರ್ಷ ಮೇಲ್ಪಟ್ಟವರ ಲಸಿಕೆಗೆ ಮೊದಲು ಫೋನಿನಲ್ಲೇ ಹೆಸರು ನೋಂದಾಯಿಸಬೇಕಿತ್ತು. ಬೆರಳು ಚುರುಕಾದವರಿಗೆ ಸರದಿ ಸಿಕ್ಕಿತು. ಜೂನ್ 14ರಂದು ಹೆಚ್ಚಿನ ಜಿಲ್ಲೆಗಳು ತೆರೆದಾಗ, ಸೋಂಕಿನ ಪ್ರಮಾಣ ಇಳಿಯದ ಹನ್ನೊಂದು ಜಿಲ್ಲೆಗಳ ಪೈಕಿ ದಾವಣಗೆರೆ ಇನ್ನೊಂದು ವಾರ ಮುಚ್ಚಿಯೇ ಇತ್ತು. ಆ ವೇಳೆಗೆ ವಿದ್ಯಾನಗರದೊಳಗೇ ಅಭಿಪ್ರಾಯ ಒಡೆದಿತ್ತು. ಎರಡು ಮದುವೆ ಕಾಲಗಳನ್ನು ಕಳೆದುಕೊಂಡ ಜವಳಿ ವರ್ತಕರು ಬೀಗ ತೆಗೆಯಿರಿ ಎನ್ನತೊಡಗಿದರು. ಪಕ್ಕದ ಮನೆಯ ಸಂಬಳದವರು ಇನ್ನೂ ಹದಿನೈದು ದಿನ ಇರಲಿ ಎಂದರು. ಒಂದೇ ಬೀದಿ, ಒಂದೇ ಜಾತಿ, ಒಂದೇ ಪತ್ರಿಕೆ ಓದುವವರು. ಬೇರೆಯಾಗಿದ್ದುದು ಹಣ ಬರುವ ದಾರಿ ಮಾತ್ರ. ವರ್ಷದ ಹಿಂದೆ ಭಟ್ಟಿಯವರು ಆಡಿದ್ದ ಮಾತನ್ನೇ ವರ್ತಕರು ಈಗ ಒಳ್ಳೆಯ ಕನ್ನಡದಲ್ಲಿ ಮನವಿ ಪತ್ರವಾಗಿ ಬರೆದುಕೊಂಡು ಹೋದರು.

ಮನೆಗೆಲಸದವರ ವಿಷಯವನ್ನು ಕೊನೆಗೆ ಹೇಳಬೇಕು, ಏಕೆಂದರೆ ಎರಡೂ ಊರುಗಳನ್ನು ದಿನವೂ ನೋಡುವವರು ಅವರೇ. 2020ರ ಮಾರ್ಚ್ ಕೊನೆಯಲ್ಲಿ ಗೇಟಿನಿಂದಲೇ, "ಸದ್ಯಕ್ಕೆ ಬರಬೇಡಮ್ಮ, ನಾವೇ ಹೇಳಿಕಳಿಸ್ತೀವಿ" ಎಂಬ ಮಾತು ಕೇಳಿ ಹಿಂದಿರುಗಿದವರು ಅವರು. ಕೆಲವು ಮನೆಗಳು ತಿಂಗಳು ತಿಂಗಳು ತಪ್ಪದೆ ಸಂಬಳ ಕಳಿಸಿದವು. ಕೆಲವು ಅರ್ಧ ಕೊಟ್ಟವು. ಕೆಲವು ಮನೆಗಳು ಕೆಲಸವಿಲ್ಲದ ಮೇಲೆ ಸಂಬಳವೇಕೆ ಎಂದು ಕೇಳಿದವು. ತಮಗೂ ಆ ತಿಂಗಳುಗಳಲ್ಲಿ ಕಾಲೇಜಿಗೆ ಹೋಗದೆಯೇ ಸಂಬಳ ಬಂದಿತ್ತೆಂಬುದು ಅವರ ನೆನಪಿಗೆ ಬರಲಿಲ್ಲ. ಮತ್ತೆ ಕರೆದಾಗ ಗೇಟಿನ ಬಳಿ ಒಂದು ಬಕೆಟ್ಟು, ಒಂದು ಸೋಪು ಕಾದಿದ್ದವು.

ಇದೆಲ್ಲ ಕಳೆದು ವರ್ಷಗಳಾದವು. ಸಂಜೆಯ ಗಾಡಿಗಳು ಬಂದಿವೆ, ನರ್ಗಿಸ್ ಮಂಡಕ್ಕಿಯ ತಟ್ಟೆಗಳು ತುಂಬಿ ಖಾಲಿಯಾಗುತ್ತಿವೆ. ಬೆಳಿಗ್ಗೆ ಏಳಕ್ಕೆ ಆಟೋದಿಂದ ಇಳಿದು ನಾಲ್ಕು ದಿಕ್ಕಿಗೆ ಚೆದುರುವ ಹೆಂಗಸರು ಯಾವ ಮನೆಯವರು ಆಗ ಕೊಟ್ಟರು, ಯಾವ ಮನೆಯವರು ಕೊಡಲಿಲ್ಲ ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಹೊಸ ಮನೆಗೆ ಕೆಲಸ ಕೇಳಲು ಹೋದಾಗ ಪಾತ್ರೆ ಎಷ್ಟು, ಕೋಣೆ ಎಷ್ಟು ಎಂದು ವಿಚಾರಿಸಿಕೊಂಡ ಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳುವುದುಂಟು: "ಕೊರೊನಾದಾಗ ನಿಮ್ಮನೆ ಕೆಲಸದೋಳಿಗೆ ಸಂಬಳ ಕೊಟ್ಟಿದ್ರೇನ್ರೀ ಅಮ್ಮಾರೇ?"