ನೀರಿನಡಿಯ ವಿದ್ಯೆಯೂ ಅದರ ಮುದ್ರೆಯೂ

ಬೆಂಗಳೂರಿನ ಪಶ್ಚಿಮ ಭಾಗದ ಅತ್ತಿಗುಪ್ಪೆಗೂ ಸಮುದ್ರಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ, ಭೂಗೋಳವನ್ನು ಓದಿದವರು ಏನೂ ಇಲ್ಲವೆಂದೇ ಉತ್ತರ ಕೊಡುವರು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಮೀಪದಲ್ಲಿ ಹರಿಯುವ ವೃಷಭಾವತಿಯಲ್ಲಿ ಈಗ ಯಾರೂ ಕಾಲಿಡಲಾರರು. ಪೇಟೆಯ ಧರ್ಮಾಂಬುಧಿ ಕೆರೆ ಇದ್ದ ಕಡೆ ಬಸ್ಸುಗಳು ನಿಲ್ಲುತ್ತವೆ. ಹೀಗೆ ಆಳವಾದ ನೀರನ್ನೇ ಕಾಣದೆ ಬೆಳೆದ ತರುಣ ತರುಣಿಯರು ಈಚಿನ ವರ್ಷಗಳಲ್ಲಿ ಶುಕ್ರವಾರ ರಾತ್ರಿ ಹೊರಟು, ಘಟ್ಟವನ್ನಿಳಿದು, ಉತ್ತರಕನ್ನಡದ ಮುರ್ಡೇಶ್ವರವನ್ನು ಸೇರುತ್ತಾರೆ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಸಾಗಿ, ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಮುಳುಗುತ್ತಾರೆ. ಹವಳದ ನಡುವೆ ಮೀನುಗಳನ್ನು ಕಂಡು ಬಂದು ಸೋಮವಾರ ಕಛೇರಿಗೆ ಹಾಜರಾಗುತ್ತಾರೆ. ಸ್ಕೂಬಾ ಎಂಬ ಹೆಸರು ಅತ್ತಿಗುಪ್ಪೆಯ ಮನೆಗಳಲ್ಲಿಯೂ ಕೇಳಿಬರುವಂತಾಗಿದೆ.

ಹೀಗೆ ಹೋಗುವವರಲ್ಲಿ ಎರಡು ಬಗೆಯುಂಟು. ಬಹುಮಂದಿ ಬೋಧಕನ ಕೈಯಾಸರೆಯಲ್ಲಿ ಒಮ್ಮೆ ಮುಳುಗಿ ನೋಡಿ ಬರುವವರು. ಅವರನ್ನು 12 ಮೀಟರಿಗಿಂತ ಕೆಳಕ್ಕೆ ಒಯ್ಯಬಾರದೆಂಬುದು ನಿಯಮ. ಮುಳುಗಿ ಬಂದುದರ ನೆನಪಿಗೆಂದು ಅವರಿಗೊಂದು ಕಾಗದ ದೊರೆಯುವುದಾದರೂ, ಆ ಕಾಗದ ಯೋಗ್ಯತೆಯನ್ನು ಹೇಳುವುದಿಲ್ಲ. ಇನ್ನು ಕೆಲವರು ವಿದ್ಯೆಯನ್ನು ಕ್ರಮವಾಗಿ ಕಲಿತು, ಬೋಧಕನಿಲ್ಲದೆ ಒಬ್ಬ ಜೊತೆಗಾರನೊಡನೆ 18 ಮೀಟರ್ ಆಳದವರೆಗೆ ಇಳಿಯುವ ಯೋಗ್ಯತಾಪತ್ರವನ್ನು ಬಯಸುವವರು. ಅತ್ತಿಗುಪ್ಪೆಯ ಒಂದು ಮನೆಯ ಮಗಳು ಈ ಎರಡನೆಯ ಬಗೆಗೆ ಸೇರಿದವಳು.

ಆಕೆ ಪುಸ್ತಕದ ಭಾಗವನ್ನು ಮನೆಯಲ್ಲಿ ಓದಿದಳು. ಬೆಳಗಿನ ಹೊತ್ತು ಈಜುಕೊಳದಲ್ಲಿ ಅಭ್ಯಾಸ ಮಾಡಿದಳು. 200 ಮೀಟರ್ ನಿಲ್ಲದೆ ಈಜಿ, 10 ನಿಮಿಷ ಯಾವ ಆಸರೆಯೂ ಇಲ್ಲದೆ ತೇಲಿ ತೋರಿಸಿದಳು. ಉಳಿದಿದ್ದುದು ಸಮುದ್ರದಲ್ಲಿ ಮಾಡಬೇಕಾದ ನಾಲ್ಕು ಮುಳುಗುಗಳು ಮಾತ್ರ. ಎರಡು ಸರಾಗವಾಗಿ ಮುಗಿದುವು. ಮೂರನೆಯದರಲ್ಲಿ, ಸುಮಾರು 8 ಮೀಟರ್ ಆಳದಲ್ಲಿ, ಕಣ್ಣುಮೂಗುಗಳನ್ನು ಮುಚ್ಚುವ ಮಾಸ್ಕಿನೊಳಗೆ ನೀರು ತುಂಬಿಸಿಕೊಂಡು, ಮೂಗಿನಿಂದ ಊದಿ ಅದನ್ನು ಹೊರಹಾಕಬೇಕಾಗಿತ್ತು. ಕೊಳದಲ್ಲಿ ಹತ್ತಾರು ಬಾರಿ ಮಾಡಿದ ಕೆಲಸವೇ. ಆದರೆ ಕಡಲಿನ ಉಪ್ಪುನೀರು ಕಣ್ಣಿಗೂ ಮೂಗಿಗೂ ತಗುಲಿದೊಡನೆ ಆಕೆಗೆ ಧೈರ್ಯ ತಪ್ಪಿತು. ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಲು ಹೊರಟಳು. ಬೋಧಕನು ತೋಳನ್ನು ಹಿಡಿದು ನಿಲ್ಲಿಸಿ, ಉಸಿರು ಬಿಡುವಂತೆ ಸನ್ನೆ ಮಾಡಿ, ಮೆಲ್ಲಮೆಲ್ಲನೆ ಮೇಲಕ್ಕೆ ಕರೆತಂದನು. ದೋಣಿಯಲ್ಲಿ ಕುಳಿತ ಮೇಲೆ ಅವನು ಹೇಳಿದ್ದು ಇಷ್ಟೇ: “ಈ ಸಲ ಕಾರ್ಡು ಕೊಡುವುದಿಲ್ಲ. ಕೊಳದಲ್ಲಿ ಇನ್ನಷ್ಟು ಅಭ್ಯಾಸ ಮಾಡಿ ಬನ್ನಿ.”

ಮನೆಯಲ್ಲಿ ಇದು ಅಸಮಾಧಾನಕ್ಕೆ ಕಾರಣವಾಯಿತು. “ಹಣ ಪೂರ್ತಿ ಕಟ್ಟಿದ್ದೀವಿ, ನಾಲ್ಕರಲ್ಲಿ ಎರಡು ಸರಿಯಾಗಿ ಮಾಡಿದ್ದೀಯ, ಇನ್ನೇನು ಬೇಕಂತೆ ಅವರಿಗೆ?” ಎಂದು ತಾಯಿ ಕೇಳಿದರು. ಮಗಳ ದುಃಖಕ್ಕೆ ಬೇರೊಂದು ಕಾರಣವೂ ಇತ್ತು. ಆಕೆಯ ಗೆಳತಿಯೊಬ್ಬಳು ಬೇರೆ ಕಡೆ ಎರಡೇ ದಿನಗಳಲ್ಲಿ ಎಲ್ಲವನ್ನೂ ಮುಗಿಸಿ ಕಾರ್ಡನ್ನು ಪಡೆದು ಬಂದಿದ್ದಳು. ಅಲ್ಲಿ ಮಾಸ್ಕಿನ ಪರೀಕ್ಷೆಯನ್ನು ಕೇಳಿದವರೇ ಇರಲಿಲ್ಲ. ಎರಡು ಕಾರ್ಡುಗಳ ಮೇಲೂ ಅಚ್ಚಾಗುವ ಅಕ್ಷರಗಳು ಒಂದೇ.

ಮೂಗಿಗೆ ನೀರು ಹೋದುದು ಅಷ್ಟು ದೊಡ್ಡ ಅಪರಾಧವೆ ಎಂದು ವಾಚಕರು ಕೇಳಬಹುದು. ನೀರು ಹೋದುದು ದೊಡ್ಡದಲ್ಲ. ಉಸಿರು ಹಿಡಿದುದು ದೊಡ್ಡದು. ನೀರಿನ ಮೇಲೆ ಒಂದು ವಾಯುಮಂಡಲದಷ್ಟಿರುವ ಒತ್ತಡ 10 ಮೀಟರ್ ಆಳದಲ್ಲಿ ಎರಡರಷ್ಟಾಗುತ್ತದೆ, 20 ಮೀಟರಿನಲ್ಲಿ ಮೂರರಷ್ಟು. ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುವುದೆಂದು 17ನೆಯ ಶತಮಾನದಲ್ಲಿಯೇ ಬಾಯ್ಲನು ತೋರಿಸಿಕೊಟ್ಟನು. ಆದಕಾರಣ 10 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ನಾಲ್ಕು ಲೀಟರ್ ಗಾಳಿಯನ್ನೆಳೆದುಕೊಂಡು, ಬಾಯಿ ಮುಚ್ಚಿ ಮೇಲಕ್ಕೇರಿದರೆ, ಆ ಗಾಳಿ ಎಂಟು ಲೀಟರಾಗಲು ಹವಣಿಸುತ್ತದೆ. ಅದನ್ನು ತಾಳುವ ಶ್ವಾಸಕೋಶ ಯಾರಿಗೂ ಇಲ್ಲ. ಹೀಗೆ ಹಿಗ್ಗುವುದು ಆಳಕ್ಕಿಂತ ಮೇಲ್ಮೈಯ ಸಮೀಪದಲ್ಲಿಯೇ ಹೆಚ್ಚು. ಒಂದೆರಡು ಮೀಟರಿನ ಕೊಳದಲ್ಲಿಯೂ ಈ ಅಪಾಯವುಂಟು. ಗಾಬರಿಯಾದಾಗ ಉಸಿರು ಬಿಗಿಹಿಡಿಯುವುದು ದೇಹದ ಸ್ವಭಾವ. ಆ ಸ್ವಭಾವವನ್ನು ಮೀರುವಂತೆ ದೇಹವನ್ನು ಪಳಗಿಸುವುದೇ ಈ ಶಿಕ್ಷಣದ ಸಾರ. ಮಾಸ್ಕಿನಲ್ಲಿ ನೀರು ತುಂಬಿಸುವ ಪರೀಕ್ಷೆ ಮಾಸ್ಕನ್ನು ಪರೀಕ್ಷಿಸುವುದಲ್ಲ, ಮನಸ್ಸನ್ನು ಪರೀಕ್ಷಿಸುವುದು.

ಈ ಕ್ರಮಗಳು ಒಂದೇ ದಿನ ಹುಟ್ಟಿದುವಲ್ಲ. ಫ್ರಾನ್ಸಿನ ನೌಕಾಧಿಕಾರಿ ಕೂಸ್ತೋ ಮತ್ತು ಇಂಜನಿಯರ್ ಗಾನ್ಯಾಂ ಇಬ್ಬರೂ ಸೇರಿ, ಬೇಕಾದಷ್ಟೇ ಗಾಳಿಯನ್ನು ಬೇಕಾದಾಗ ಒದಗಿಸುವ ತಮ್ಮ ಸಾಧನವನ್ನು 1943ರಲ್ಲಿ ಸಿದ್ಧಗೊಳಿಸಿದರು. ಸಾಧನ ಅಂಗಡಿಗೆ ಬಂದ ಮೇಲೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದಾಯಿತು; ಕಲಿಸುವವರು ಮಾತ್ರ ಇರಲಿಲ್ಲ. ಆ ಕೊರತೆಯನ್ನು ತುಂಬಲು ಬ್ರಿಟನ್ನಿನಲ್ಲಿ 1953ರಲ್ಲಿ ಒಂದು ಸಂಘ, 1959ರಲ್ಲಿ ಮೊನಾಕೋವಿನಲ್ಲಿ ಒಂದು ಜಾಗತಿಕ ಒಕ್ಕೂಟ, 1966ರಲ್ಲಿ ಅಮೆರಿಕದಲ್ಲಿ ಪ್ಯಾಡಿ ಎಂಬ ಸಂಸ್ಥೆ, ಹೀಗೆ ಒಂದರ ಹಿಂದೊಂದು ಹುಟ್ಟಿದುವು. ಮುಂದೆ ಐಎಸ್‌ಒ 24801 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂದಿತು. ಎಷ್ಟು ಮುಳುಗು, ಎಷ್ಟು ಆಳ, ಒಬ್ಬ ಬೋಧಕನಿಗೆ ಎಷ್ಟು ಮಂದಿ ಶಿಷ್ಯರು ಎಂಬುದೆಲ್ಲ ಇಂದು ಬರೆದಿಟ್ಟಿದೆ. ಇಷ್ಟಿದ್ದೂ ಮಟ್ಟ ಕುಸಿಯುವುದುಂಟಾದರೆ, ಅದು ನಿಯಮವಿಲ್ಲದ್ದರಿಂದಲ್ಲ.

ಕುಸಿಯುವುದು ಹೇಗೆ? ದುಷ್ಟರಿಂದ ಎಂದುಬಿಡುವುದು ಸುಲಭ. ನಿಜವಾಗಿ ನೋಡಿದರೆ ಹೆಚ್ಚಾಗಿ ದಾಕ್ಷಿಣ್ಯದಿಂದ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಉಳಿದ ತಿಂಗಳುಗಳಲ್ಲಿಯೇ ವರ್ಷದ ಸಂಪಾದನೆಯಾಗಬೇಕು. ಬಂದವರಿಗೆ ಎರಡು ದಿನ ಮಾತ್ರ ರಜೆ. ಪಕ್ಕದವನು ಐನೂರು ರೂಪಾಯಿ ಕಡಿಮೆಗೆ ಒಪ್ಪುತ್ತಾನೆ. ದೂರದಿಂದ ಬಂದ ಶಿಷ್ಯನ ಮುಖ ಬಾಡುವುದನ್ನು ನೋಡಲು ಯಾರಿಗೆ ಇಷ್ಟ? “ಬಹುಮಟ್ಟಿಗೆ ಮಾಡಿದನಲ್ಲ” ಎಂಬ ಒಂದು ಮಾತು ಇಂದು ಮಾಸ್ಕಿನ ವಿಷಯದಲ್ಲಿ ಬರುತ್ತದೆ, ನಾಳೆ ಜೊತೆಗಾರನಿಗೆ ಗಾಳಿ ಕೊಡುವ ವಿಷಯದಲ್ಲಿ ಬರುತ್ತದೆ. ಹಿಂದಿನ ಪಾಠಶಾಲೆಗಳಲ್ಲಿ ಶಲಾಕಾ ಪರೀಕ್ಷೆ ಎಂಬುದೊಂದಿತ್ತು. ಓಲೆಯ ಕಟ್ಟಿನಲ್ಲಿ ಒಂದು ಕಡ್ಡಿಯನ್ನು ತೂರಿಸಿ, ಅದು ತಗುಲಿದ ಓಲೆಯನ್ನೇ ವಿವರಿಸೆಂದು ವಿದ್ಯಾರ್ಥಿಯನ್ನು ಕೇಳುತ್ತಿದ್ದರು. ಗೊತ್ತಿರುವ ಪುಟವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಸಮುದ್ರವೂ ಅಂಥ ಪರೀಕ್ಷಕನೇ. ಯಾವ ಪುಟವನ್ನು ತೆರೆಯುವುದೋ ಹೇಳಬರುವುದಿಲ್ಲ. ಆದರೆ ಇಲ್ಲೊಂದು ಕಷ್ಟವಿದೆ: ಈ ವಿದ್ಯೆಯಲ್ಲಿ ಸಾಮಾನ್ಯವಾಗಿ ಕಲಿಸುವವನೇ ಪರೀಕ್ಷಿಸುವವನು, ಅವನ ಜೀವನ ನಡೆಯುವುದು ಶಿಷ್ಯನು ಕೊಡುವ ಹಣದಿಂದಲೇ. ನೀರಿನಡಿಯಲ್ಲಿ ನಡೆದುದಕ್ಕೆ ಬೇರೆ ಸಾಕ್ಷಿಯಿಲ್ಲ. ಹೀಗಿರಲು ಮಾನದಂಡವನ್ನು ಕಡೆಗೆ ಕಾಯುವುದು ಆ ಒಬ್ಬನ ಅಂತಃಕರಣ.

ಅತ್ತಿಗುಪ್ಪೆಯ ಮನೆಯಲ್ಲಿ ಈ ಮಾತನ್ನು ಮೊದಲು ಕಂಡವರು ತಾತನವರು. ಅವರು ವಿಜಯನಗರದಲ್ಲಿ ಬಹುಕಾಲ ದಿನಸಿ ಅಂಗಡಿಯನ್ನು ನಡೆಸಿದವರು. ಈಜು ಕೂಡ ಬಾರದವರು. ಮೊಮ್ಮಗಳ ಕಥೆಯನ್ನೆಲ್ಲ ಕೇಳಿದ ಬಳಿಕ ಒಳಗೆ ಹೋಗಿ ಒಂದು ಕಿಲೋ ತೂಕದ ಹಳೆಯ ಕಬ್ಬಿಣದ ಬಟ್ಟನ್ನು ತಂದು ಬೋರಲು ಮಾಡಿ ತೋರಿಸಿದರು. ಅಡಿಯ ಕುಳಿಯಲ್ಲಿ ಸೀಸ; ಸೀಸದ ಮೇಲೆ ಸರ್ಕಾರದ ಮುದ್ರೆ.

“ಇದನ್ನು ಯಾರಿಗೋಸ್ಕರ ಒತ್ತುತ್ತಿದ್ದರು ಹೇಳು?”

“ನಿಮಗೋಸ್ಕರ ತಾನೆ ತಾತ? ಅಂಗಡಿ ನಿಮ್ಮದು.”

“ನನಗೆ ಯಾಕಮ್ಮ? ನನ್ನ ಬಟ್ಟಿನ ತೂಕ ನನಗೆ ಗೊತ್ತಿರುತ್ತೆ. ಗೊತ್ತಿಲ್ಲದೆ ಬಂದು ಕಾಲು ಕಿಲೋ ಬೇಳೆ ಕೇಳ್ತಾಳಲ್ಲ, ಆಕೆಗೋಸ್ಕರ. ಆಕೆ ನನ್ನನ್ನು ನಂಬಬೇಕಾಗಿಲ್ಲ, ಮುದ್ರೇನ ನಂಬಿದರೆ ಸಾಕು. ನಿನ್ನ ಕಾರ್ಡು ನೋಡಿ ನಿನ್ನ ಜೊತೆ ನೀರಿಗಿಳಿಯುವವರು ಯಾರು?”

ಮೊಮ್ಮಗಳು ಉತ್ತರ ಹೇಳಲಿಲ್ಲ. ಪುಸ್ತಕದಲ್ಲಿ ಅದು ಬರೆದಿತ್ತು. ಆಕೆ ಓದಿಯೂ ಇದ್ದಳು. ದೋಣಿಯಲ್ಲಿ ಆಗತಾನೆ ಪರಿಚಯವಾದ ಇಬ್ಬರನ್ನು ಜೊತೆಮಾಡಿ ಇಳಿಸುವರು. ಒಬ್ಬರ ಗಾಳಿ ತೀರಿದರೆ ಇನ್ನೊಬ್ಬರು ತಮ್ಮ ಸಿಲಿಂಡರಿನ ಎರಡನೆಯ ಕೊಳವೆಯನ್ನು ಕೊಡಬೇಕು. ಆ ಅಪರಿಚಿತಳು ತನ್ನ ಪ್ರಾಣವನ್ನು ಒಪ್ಪಿಸುವುದು ಆ ಕಾರ್ಡಿನ ಮಾತಿಗೆ. ಅರೆ ಕಲಿತವಳಿಗೆ ಕಾರ್ಡು ಕೊಟ್ಟ ಬೋಧಕನು ತನ್ನ ಶಿಷ್ಯಳಿಗೆ ಉಪಕಾರ ಮಾಡಿದಂತೆ ಕಂಡರೂ, ಮುಂದೆಂದೋ ಆಕೆಯ ಪಕ್ಕದಲ್ಲಿ ಮುಳುಗುವವಳಿಗೆ ಸವೆದ ಬಟ್ಟಿನಿಂದ ತೂಗಿ ಕೊಟ್ಟಂತಾಯಿತು.

ಸವೆಯುವ ಮಾತು ಇನ್ನೊಂದು ವಿಷಯಕ್ಕೂ ಸಲ್ಲುತ್ತದೆ. ಬಟ್ಟುಗಳನ್ನು ಗೊತ್ತಾದ ಕಾಲಕ್ಕೊಮ್ಮೆ ಮತ್ತೆ ತೂಗಿಸಿ ಮುದ್ರೆ ಹಾಕಿಸಬೇಕು. ಈ ಕಾರ್ಡಿಗಾದರೋ ಸಾಮಾನ್ಯವಾಗಿ ಅವಧಿಯೇ ಇಲ್ಲ. ಅಭ್ಯಾಸ ತಪ್ಪಿದ ಕೈಗೆ ಅವಧಿಯುಂಟು. ವರ್ಷಗಳ ಬಳಿಕ ನೀರಿಗಿಳಿಯುವವರು ಮೊದಲು ಕೊಳಕ್ಕೆ ಹೋಗಿ ಕಲಿತುದನ್ನು ಮತ್ತೆ ಮಾಡಿ ನೋಡುವುದು ವಿಹಿತ. ಬೆಂಗಳೂರಿನವರಿಗೆ ಬೇರೊಂದು ಎಚ್ಚರವೂ ಬೇಕು. ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಹೆಚ್ಚಾಗಿ ಕರಗುವ ಸಾರಜನಕ ಹೊರಹೋಗಲು ಕಾಲ ಹಿಡಿಯುತ್ತದೆ. ಆದಕಾರಣ ಒಂದು ಮುಳುಗಾದ ಮೇಲೆ 12 ಗಂಟೆ, ಹಲವಾದರೆ 18 ಗಂಟೆಯಾದರೂ ವಿಮಾನವನ್ನು ಹತ್ತಬಾರದೆಂದು ವಿಧಿಸಿದ್ದಾರೆ. ಸುಮಾರು 600 ಮೀಟರಿಗೆ ಮೇಲ್ಪಟ್ಟ ಎತ್ತರದ ಊರನ್ನು ರಸ್ತೆಯಿಂದ ಏರುವುದಕ್ಕೂ ಇದೇ ಎಚ್ಚರ ಸಲ್ಲುತ್ತದೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ ಸಂಜೆಯೇ ಬಸ್ಸು ಹತ್ತಿ ಘಟ್ಟವೇರುವವರಿಗೆ ಇದನ್ನು ಹೇಳದೆ ಕಳುಹಿಸಿದ ಪಾಠ, ಸಮುದ್ರವನ್ನು ಕಲಿಸಿ ಊರನ್ನು ಮರೆತ ಪಾಠ. “ಎಷ್ಟು ದಿನದಲ್ಲಿ ಕಾರ್ಡು ಸಿಗುತ್ತದೆ?” ಎಂದು ವಿಚಾರಿಸುವ ತಂದೆತಾಯಿಗಳು “ಏನನ್ನು ಮಾಡಲಾಗದಿದ್ದರೆ ಕೊಡುವುದಿಲ್ಲ?” ಎಂದು ಕೇಳುವಂತಾದರೆ, ಮಾನದಂಡಕ್ಕೆ ಅದಕ್ಕಿಂತ ದೊಡ್ಡ ಬೆಂಬಲ ಬೇಡ.

ಮಳೆಗಾಲವೆಲ್ಲ ಆಕೆ ಈಜುಕೊಳಕ್ಕೆ ಹೋದಳು. ಮಾಸ್ಕನ್ನು ಪೂರ್ತಿ ತೆಗೆದು, ಕಣ್ಣು ತೆರೆದು, ನೀರು ಮೂಗಿಗೆ ತಗುಲಿದರೂ ಬಾಯಿಂದ ಒಂದೇ ಸಮನೆ ಉಸಿರಾಡುತ್ತ ನಿಮಿಷಗಟ್ಟಲೆ ಕುಳಿತು ಕಲಿತಳು. ನವೆಂಬರಿನಲ್ಲಿ ನೇತ್ರಾಣಿಯಲ್ಲಿ ಮೂರನೆಯ ಮುಳುಗೂ ನಾಲ್ಕನೆಯದೂ ಆದುವು. ಅದೇ ಬೋಧಕನು ಕೈಕುಲುಕಿ ಕಾರ್ಡಿಗೆ ಬರೆದುಕೊಟ್ಟನು. ಫೆಬ್ರವರಿಯಲ್ಲಿ ಮತ್ತೊಮ್ಮೆ ಹೋದಾಗ ಆಕೆಗೆ ಜೊತೆಯಾದವಳು ಹುಬ್ಬಳ್ಳಿಯ ಕಡೆಯಿಂದ ಬಂದ ಒಬ್ಬ ಹೆಂಗಸು. ಇಬ್ಬರೂ ಒಬ್ಬರ ಪಟ್ಟಿಗಳನ್ನು ಒಬ್ಬರು ಎಳೆದು ನೋಡಿ, ಒಬ್ಬರ ಗಾಳಿಯನ್ನು ಒಬ್ಬರು ಪರೀಕ್ಷಿಸಿ, ಇಳಿದರು. ಮೇಲಕ್ಕೆ ಬರುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಬಂದರು. ಅನರ್ಥವೇನೂ ನಡೆಯಲಿಲ್ಲ. ಆ ರಾತ್ರಿ ಮುರ್ಡೇಶ್ವರದಲ್ಲಿಯೇ ತಂಗಿ, ಮಾರನೆಯ ದಿನ ಹೊರಟು ಮನೆಗೆ ಬಂದಳು.

“ಜೊತೆಗೆ ಯಾರಿದ್ದರಮ್ಮ?” ಎಂದು ತಾತ ಕೇಳಿದರು.

“ಯಾರೋ ತಾತ, ಅವತ್ತೇ ನೋಡಿದ್ದು. ಅವರ ಹೆಸರನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.”

ತಾತನವರು ಬೇರೇನನ್ನೂ ಕೇಳದೆ, ಮೇಜಿನ ಮೇಲೆ ಅಷ್ಟು ದಿನವೂ ಉಳಿದಿದ್ದ ಬಟ್ಟನ್ನು ಒಳಗೆ ತೆಗೆದಿಟ್ಟರು.